ಗುರೆಳ್ಳು ಡಬ್ಬಿ

ಹೋದ ಭಾನುವಾರ ಕುಬಟೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಹೊರಗೆ ಚಪ್ಪಲಿ ಬಿಡುವಾಗಲೇ ಗುರೆಳ್ಳು ಹುರಿಯುವ ವಾಸನೆ ಬಂತು. ಎಣ್ಣೆ ಸುಟ್ಟಂಥ, ತುಸು ಕಹಿ ಬೆರೆತ ವಾಸನೆ ಅದು. ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಗುರೆಳ್ಳು ಹುರಿದಿರಲಿಲ್ಲ. ನಾನು ಒಳಗೆ ಹೋಗದೆ ಕಟ್ಟೆಯ ಮೇಲೆಯೇ ಕೂತೆ...

ಅಕ್ಕನ ಮಗಳು ಕಡೆಯ ಸಲ ರಜೆ ಮುಗಿಸಿ ಹೊರಟ ದಿನವೂ ಮನೆಯಲ್ಲಿ ಇದೇ ವಾಸನೆ ಇತ್ತು. ಅಂದು ಬೆಳಿಗ್ಗೆ ಅವಳು ಹಾಸಿಗೆಯ ಮೇಲೆ ಸಾಮಾನು ಹರಡಿಕೊಂಡು ನಿಂತಿದ್ದಳು. ಕೈಯಲ್ಲಿದ್ದ ಸಣ್ಣ ನೋಟ್‌ಬುಕ್ಕನ್ನು ನನಗೆ ಕೊಟ್ಟಳು.

"ಓದು ಮಾವ. ಒಂದೊಂದಾಗೇ ಓದ್ಬೇಕು. ನಾನು ಮುಟ್ಟಿ 'ಐತಿ' ಅಂದ್ಮೇಲೇ ಮುಂದಿಂದು."

"ಇದೇನು ಮದುವಿ ಸಾಮಾನೇನೇ?" ಅಂದೆ.

"ಮದುವಿ ಸಾಮಾನು ಒಂದು ಕಮ್ಮಿ ಆದ್ರೆ ನಡೀತೈತಿ. ನಮ್ಮಲ್ಲಿ ನಡಿಯಲ್ಲ."

ಗುರುತಿನ ಚೀಟಿ. ಐತಿ. ರಜೆ ಪತ್ರ. ಐತಿ. ಟಿಕೆಟ್ಟು. ಐತಿ. ಬೂಟು ತಿಕ್ಕುವ ಬ್ರಶ್ಶು... ಅದೂ ಇತ್ತು. ಅವಳು ಪ್ರತಿಯೊಂದನ್ನೂ ಕೈಯಿಂದ ಮುಟ್ಟಿದ ಮೇಲೆಯೇ ನಾನು ಪೆನ್ನಿನಿಂದ ಗೆರೆ ಎಳೆಯುತ್ತಿದ್ದೆ. ಅವಳ ಕೆಲಸದಲ್ಲಿ ಹಾಗಂತೆ. ಒಬ್ಬರೇ ಯಾವುದನ್ನೂ ಮಾಡುವ ಹಾಗಿಲ್ಲ. ಒಬ್ಬರು ಓದಬೇಕು, ಇನ್ನೊಬ್ಬರು ಮುಟ್ಟಿ ಹೇಳಬೇಕು. ಬರೆದದ್ದನ್ನು ಬಿಡುವಂತಿಲ್ಲ, ಬರೆಯದ್ದನ್ನು ಮಾಡುವಂತಿಲ್ಲ.

ಅವಳು ಸೈನ್ಯದ ಕ್ಷಿಪಣಿ ದಳದಲ್ಲಿ ಅಧಿಕಾರಿಯಾಗಿದ್ದಳು. ಕುರಿ ಸಾಕುವ ಮನೆಯ ಹುಡುಗಿ. ಎಂಜಿನಿಯರಿಂಗ್ ಓದಿ, ಪರೀಕ್ಷೆ ಬರೆದು ಸೇರಿದಳು. ಒಂಬತ್ತು ವರ್ಷದಲ್ಲಿ ಮೇಜರ್ ಆದಳು. ಆನವಟ್ಟಿಯ ಬಸ್ ಸ್ಟ್ಯಾಂಡಿನ ಎದುರಿಗಿರುವ ನನ್ನ ಮೆಡಿಕಲ್ ಶಾಪಿಗೆ ಬಂದವರೆಲ್ಲ "ಮಿಸೈಲ್ ಮೇಡಂ ಯಾವಾಗ ಬರ್ತಾರ್ರೀ?" ಎಂದು ಕೇಳುತ್ತಿದ್ದರು. ಅವಳು ದಿನಾ ಬೆಳಿಗ್ಗೆ ಎದ್ದು ಒಂದು ಗುಂಡಿ ಒತ್ತುತ್ತಾಳೆ, ಆಕಾಶದಲ್ಲಿ ಬೆಂಕಿ ಹಾರುತ್ತದೆ ಎಂದು ಅವರ ತಿಳುವಳಿಕೆ. ನನ್ನದೂ ಮೊದಮೊದಲು ಹಾಗೇ ಇತ್ತು.

ಅವಳು ಹೇಳುತ್ತಿದ್ದದ್ದು ಬೇರೆಯೇ. ಹೇಳಬಾರದ್ದನ್ನು ಎಂದೂ ಹೇಳಲಿಲ್ಲ. ಹೇಳಬಹುದಾದದ್ದೂ ಅಷ್ಟೇನಿರಲಿಲ್ಲ. ಮರಳುಗಾಡಿನ ಅಂಚಿನಲ್ಲಿ ತಗಡಿನ ಶೆಡ್ಡುಗಳು, ಮುಚ್ಚಿದ ಕೊಳವೆಗಳಲ್ಲಿ ಮಲಗಿರುವ ಕ್ಷಿಪಣಿಗಳು. ಬಿಸಿ ಎಷ್ಟಿದೆ, ತೇವ ಎಷ್ಟಿದೆ ಎಂದು ಹೊತ್ತುಹೊತ್ತಿಗೆ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ಕೇಬಲ್ಲಿನ ಬಾಯಲ್ಲಿ ಮರಳು ಹೊಕ್ಕಿದೆಯೇ ಎಂದು ನೋಡುವುದು. ಕೈಕೆಳಗಿನ ಸೈನಿಕರ ಮನೆಯ ಜಗಳ, ರಜೆ, ಮಕ್ಕಳ ಶಾಲೆಯ ಅರ್ಜಿ. ಹಾರಿಸುವ ಕವಾಯತನ್ನು ಹಾರಿಸದೆಯೇ ನೂರಾರು ಸಲ ಮಾಡುವುದು. ಒಂಬತ್ತು ವರ್ಷದಲ್ಲಿ ಅವಳ ಕೈಯಿಂದ ನಿಜವಾಗಿ ಹಾರಿದ್ದು ಒಂದೇ ಒಂದು, ಅದೂ ಅಭ್ಯಾಸದ ಮೈದಾನದಲ್ಲಿ.

"ಅಪ್ಪ ಕುರಿ ಕಾಯ್ದ, ನಾನು ಮಿಸೈಲ್ ಕಾಯ್ತೀನಿ," ಎಂದು ಒಮ್ಮೆ ನಗಾಡಿದ್ದಳು. "ಕುರಿ ಆದ್ರೆ ಮೇಯಾಕಾದ್ರೂ ಹೋಗ್ತಾವು. ಇವು ಅಲ್ಲಾಡಂಗಿಲ್ಲ."

ಅವಳಪ್ಪ, ನನ್ನ ಭಾವ, ಅವಳು ಪಿಯುಸಿಯಲ್ಲಿದ್ದಾಗ ತೀರಿಕೊಂಡರು. ಕುರಿ ಹಟ್ಟಿಯ ಮುಂದೆ ನಿಂತವರು ನಿಂತಲ್ಲೇ ಬಿದ್ದರು. ಲಕ್ವ ಎಂದರು. ಬಿ.ಪಿ. ಎಷ್ಟಿದೆ ಎಂದು ಜೀವಮಾನದಲ್ಲಿ ಒಮ್ಮೆಯೂ ನೋಡಿಸಿಕೊಂಡವರಲ್ಲ. ಔಷಧಿ ಅಂಗಡಿಯ ಭಾವಮೈದುನ ಇದ್ದೂ ನೋಡಿಸಲಿಲ್ಲ.

ಅದಕ್ಕೇ ಇರಬೇಕು, ನಾಲ್ಕು ವರ್ಷದ ಹಿಂದೆ ಅವಳು ರಜೆಗೆ ಬಂದು ಅಂಗಡಿಯಲ್ಲಿ ಹರಟೆ ಹೊಡೆಯುತ್ತ ಕೂತಿದ್ದಾಗ ಸುಮ್ಮನೆ ಅವಳ ತೋಳಿಗೆ ಪಟ್ಟಿ ಸುತ್ತಿದೆ. ನೂರ ಅರವತ್ತು ದಾಟಿತ್ತು. ಮಿಷನ್ನೇ ಕೆಟ್ಟಿರಬೇಕೆಂದು ಸೆಲ್ಲು ಬದಲಿಸಿದೆ, ಇನ್ನೊಂದು ತೋಳಿಗೆ ಸುತ್ತಿದೆ. ಅಷ್ಟೇ ಬಂತು.

"ನಿಮ್ಮ ಡಾಕ್ಟ್ರಿಗೆ ಹೇಳು," ಅಂದೆ.

"ಹೇಳಿದ್ರೆ ಮುಗೀತು ಮಾವ." ಅವಳ ನಗು ಹೋಗಿತ್ತು. "ಆರೋಗ್ಯದ ಕೆಟಗರಿ ಇಳಿಸ್ತಾರೆ. ಹತ್ತನೇ ವರ್ಷ ಬೋರ್ಡು ಕೂಡ್ತೈತಿ. ಯಾರನ್ನ ಕಾಯಂ ಇಟ್ಕೊಬೇಕು, ಯಾರನ್ನ ಕಳಿಸ್ಬೇಕು ಅಂತ ಅಲ್ಲೇ ತೀರ್ಮಾನ. ಸರಿಸಮ ಇರೋ ಇಬ್ಬರ ಫೈಲು ಬಂದ್ರೆ ಯಾರ್ದು ತೆಗೆದಿಡ್ತಾರೆ, ಹೇಳು?"

"ಕಳಿಸಿದ್ರೆ ಬೇರೆ ಕೆಲಸ ಸಿಗಲ್ಲೇನು?"

"ಮಿಸೈಲ್ ಕೆಲಸ ಕಲ್ತೋಳಿಗೆ ಆನವಟ್ಟೀಲಿ ಏನ್ ಕೆಲಸ ಕೊಡ್ಸ್ತೀಯ? ನಿನ್ನ ಅಂಗಡಿ ಮುಂದೆ ಕೋಲು ಹಿಡ್ಕೊಂಡು ನಿಲ್ಲಲಾ?"

ತನ್ನದೇ ಒಂದು ತುಕಡಿಯನ್ನು ಪೂರ್ತಿಯಾಗಿ ನಡೆಸಬೇಕು ಎಂಬುದೊಂದೇ ಅವಳ ಆಸೆ. ಅದಕ್ಕಾಗಿ ಬಂದ ಸಂಬಂಧಗಳನ್ನೆಲ್ಲ ಮುಂದಕ್ಕೆ ಹಾಕಿದ್ದಳು. ಅಕ್ಕ ಬೈದರೆ "ಬೋರ್ಡು ಮುಗೀಲಿ ಅವ್ವ" ಅನ್ನುತ್ತಿದ್ದಳು. ಅದೆಲ್ಲ ನನಗೆ ಗೊತ್ತಿತ್ತು. ನಾನು ಒಪ್ಪಿಕೊಂಡೆ.

ಮರುದಿನ ಇಬ್ಬರೂ ಶಿಕಾರಿಪುರಕ್ಕೆ ಹೋಗಿ ಒಬ್ಬ ಖಾಸಗಿ ಡಾಕ್ಟರಿಗೆ ತೋರಿಸಿದೆವು. ಹೆಸರು ಕೇಳಿದಾಗ ಅವಳು ನನ್ನ ಹೆಂಡತಿಯ ಹೆಸರು ಹೇಳಿದಳು. ನಾನು ಪಕ್ಕದಲ್ಲೇ ಇದ್ದೆ, ಸುಮ್ಮನಿದ್ದೆ. ಅಂದಿನಿಂದ ಮಾತ್ರೆ ಕಳಿಸುವುದು ನನ್ನ ಕೆಲಸವಾಯಿತು. ಅಕ್ಕ ಗುರೆಳ್ಳು ಚಟ್ನಿಪುಡಿ ಮಾಡುತ್ತಿದ್ದಳು. ನಾನು ಮಾತ್ರೆಯ ಪಟ್ಟಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡಬ್ಬಿಯ ತಳಕ್ಕಿಟ್ಟು, ಮೇಲೆ ಪುಡಿ ತುಂಬಿ ಕೊರಿಯರ್ ಮಾಡುತ್ತಿದ್ದೆ. ಅವಳ ಮೆಸ್ಸಿನಲ್ಲಿ ಊರಿನ ಪಾರ್ಸಲ್ಲನ್ನು ಎಲ್ಲರೂ ಸೇರಿ ಬಿಚ್ಚುತ್ತಾರಂತೆ. ಆ ಕಪ್ಪು ಪುಡಿ ನೋಡಿ ಉತ್ತರದ ಕ್ಯಾಪ್ಟನ್ ಒಬ್ಬ ಇದೇನು ಮದ್ದಿನ ಪುಡಿಯೇ ಎಂದು ಕೇಳಿದ್ದನಂತೆ. ಅದಾದ ಮೇಲೆ ಯಾರೂ ಆ ಡಬ್ಬಿಗೆ ಕೈ ಹಾಕಲಿಲ್ಲ. ವರ್ಷದ ತಪಾಸಣೆಯಲ್ಲಿ ಮೂರು ಸಲವೂ ಅವಳು ಸರಿಯಾಗಿಯೇ ಪಾಸಾದಳು. ಪಾಸಾದಾಗಲೆಲ್ಲ ನನಗೆ ಫೋನ್ ಮಾಡಿ "ಮಾವ, ಚಟ್ನಿಪುಡಿ ಭಾರಿ ಚಲೋ ಇತ್ತು" ಅನ್ನುತ್ತಿದ್ದಳು. ನಾನೂ ನಗುತ್ತಿದ್ದೆ.

ಅಂದು, ಕಡೆಯ ದಿನ, ಅಕ್ಕ ಪುಡಿಯನ್ನು ಬೆಳಿಗ್ಗೆಯೇ ಕುಟ್ಟಿದ್ದಳು. ಬಿಸಿ ಇರುವಾಗ ಮುಚ್ಚಿದರೆ ಮುಗ್ಗಲು ಬರುತ್ತದೆಂದು, ನಾನು ತಳದಲ್ಲಿ ಮಾತ್ರೆ ಇಟ್ಟು ತುಂಬಿದ ಡಬ್ಬಿಯನ್ನು ಅಡಿಗೆಮನೆಯ ಕಿಟಕಿಯಲ್ಲಿ ಬಾಯಿ ತೆರೆದು ಆರಲು ಇಟ್ಟೆವು. ಆಮೇಲೆ ನೋಟ್‌ಬುಕ್ ಓದಿದೆವು. ಕೊನೆಯ ಸಾಲಿಗೂ ಗೆರೆ ಎಳೆದೆ. ಅವಳು ಚೀಲದ ಜಿಪ್ ಎಳೆದು, ಒಂದೂ ತಪ್ಪಿಲ್ಲ ನೋಡು ಎಂಬಂತೆ ನನ್ನ ಕಡೆ ಹೆಬ್ಬೆರಳು ತೋರಿಸಿದಳು.

ಮಾತ್ರೆಯನ್ನು ಅವಳು ಎಲ್ಲಿಯೂ ಬರೆಯುತ್ತಿರಲಿಲ್ಲ. ಬರೆದದ್ದು ಯಾವತ್ತಾದರೂ ಯಾರ ಕೈಗಾದರೂ ಸಿಗುತ್ತದೆ ಎಂದು ಅವಳಿಗೆ ಹೆದರಿಕೆ. ಡಬ್ಬಿ ಆ ಪಟ್ಟಿಯಲ್ಲಿ ಇರಲಿಲ್ಲ.

ನಾನು ಶಿಕಾರಿಪುರದವರೆಗೆ ಜೊತೆಗೆ ಹೋಗಿ ಶಿವಮೊಗ್ಗದ ಬಸ್ಸಿಗೆ ಹತ್ತಿಸಿದೆ. ಕಿಟಕಿಯಲ್ಲಿ ಕೂತು, ಎದುರು ಕೂತ ಮುದುಕಿಯ ಕೋಳಿ ತನ್ನ ಬೂಟು ಕುಕ್ಕುತ್ತಿದೆ ಎಂದು ಕೈಸನ್ನೆ ಮಾಡಿ ತೋರಿಸಿದಳು. ಕುಬಟೂರಿಗೆ ತಿರುಗಿ ಬಂದರೆ ಅಕ್ಕ ಕಿಟಕಿಯ ಮುಂದೆ ನಿಂತಿದ್ದಳು. "ಡಬ್ಬಿ ಬಿಟ್ಟು ಹೋದ್ಳಲ್ಲೋ ತಮ್ಮ," ಅಂದಳು. ಅವಳಿಗೆ ಅದು ಬರೀ ಚಟ್ನಿಪುಡಿ.

ಫೋನ್ ಮಾಡಿದೆ. "ಭಾನುವಾರ ಊರೊಳಗೆ ಹೋದಾಗ ಮಾತ್ರೆ ಅಲ್ಲೇ ತಗೊಂತೀನಿ. ನೀನು ಡಬ್ಬೀನ ನಿಧಾನಕ್ಕೆ ಕಳಿಸು," ಅಂದಳು. ಮರುದಿನವೇ ಕೊರಿಯರ್ ಮಾಡಿದೆ.

ಆ ಭಾನುವಾರಕ್ಕೆ ಮೊದಲೇ ಗಡಿಯಲ್ಲಿ ಪರಿಸ್ಥಿತಿ ಬಿಗಡಾಯಿಸಿತು. ಟಿ.ವಿ.ಯಲ್ಲಿ ಬರೀ ಅದೇ. ಅವಳ ಫೋನ್ ಬಂದ್ ಆಯಿತು. ಅಂಗಡಿಗೆ ಬಂದವರು "ಈಗ ಮೇಡಮ್ಮಿಗೆ ಕೆಲಸ ಬಂತು ನೋಡ್ರಿ!" ಎಂದು ಖುಷಿಯಿಂದಲೇ ಹೇಳುತ್ತಿದ್ದರು. ನಾನು ದಿನಾ ಮೊಬೈಲಿನಲ್ಲಿ ಕೊರಿಯರ್ ಎಲ್ಲಿದೆ ಎಂದು ನೋಡುತ್ತಿದ್ದೆ. ಅವಳಿರುವ ಊರಿಗಿಂತ ಮೊದಲು ಸಿಗುವ ನಗರದವರೆಗೆ ಹೋಗಿ ಅದು ನಿಂತುಬಿಟ್ಟಿತ್ತು.

ಮೂರು ವಾರದ ಮೇಲೆ, ಒಂದು ಮಧ್ಯಾಹ್ನ, ಸುದ್ದಿ ಬಂತು. ಕರ್ತವ್ಯದಲ್ಲಿದ್ದಾಗ ಮೆದುಳಿನಲ್ಲಿ ರಕ್ತಸ್ರಾವ. ಯಾರೂ ಗುಂಡು ಹಾರಿಸಿರಲಿಲ್ಲ, ಅವಳೂ ಏನನ್ನೂ ಹಾರಿಸಿರಲಿಲ್ಲ.

ಆನವಟ್ಟಿಯಲ್ಲಿ ಅಂಗಡಿಗಳನ್ನು ಮುಚ್ಚಿದರು. ಧ್ವಜ ಹೊದಿಸಿದ ಪೆಟ್ಟಿಗೆಯ ಹಿಂದೆ ಜಡೆಯಿಂದಲೂ ಸೊರಬದಿಂದಲೂ ಬಂದ ಜನ ನಡೆದರು. ಭಾಷಣದಲ್ಲಿ ಒಬ್ಬರು ವೈರಿಯ ಎದೆ ನಡುಗಿಸಿದವಳು ಅಂದರು. ನಾನು ಅಕ್ಕನ ತೋಳು ಹಿಡಿದುಕೊಂಡು ನಿಂತಿದ್ದೆ. ಅವಳ ಕೈಯಲ್ಲಿ ನಾಡಿ ಬಡಿಯುತ್ತಿರುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು...

ತಿಂಗಳು ಕಳೆದು ಅವಳ ಟ್ರಂಕು ತಂದುಕೊಡಲು ಒಬ್ಬ ಸುಬೇದಾರರು ಬಂದರು. ಅವಳ ಕೈಕೆಳಗೇ ಕೆಲಸ ಮಾಡಿದವರು. ಬೆಳಗಾವಿ ಕಡೆಯವರಾದ್ದರಿಂದ ಮಾತಿಗೆ ತೊಂದರೆಯಾಗಲಿಲ್ಲ. ಟ್ರಂಕು ತೆರೆದು ಒಂದು ಪಟ್ಟಿ ತೆಗೆದರು.

"ನಾ ಓದ್ತೀನ್ರಿ, ನೀವು ಮುಟ್ಟಿ ಹೇಳ್ರಿ."

ನನಗೆ ಗೊತ್ತು ಅಂದೆ. ಅವರು ಓದಿದರು. ಸಮವಸ್ತ್ರ. ಐತಿ. ಬೆಲ್ಟು. ಐತಿ. ಬೂಟು ತಿಕ್ಕುವ ಬ್ರಶ್ಶು. ಸಣ್ಣ ನೋಟ್‌ಬುಕ್ಕು. ಅದನ್ನು ಮುಟ್ಟಿದೆ, ಬಿಚ್ಚಲಿಲ್ಲ. ಕೊನೆಯ ಸಾಲು ಮುಗಿಯಿತು. ಚಟ್ನಿಪುಡಿಯ ಡಬ್ಬಿ ಆ ಪಟ್ಟಿಯಲ್ಲಿಯೂ ಇರಲಿಲ್ಲ, ಟ್ರಂಕಿನಲ್ಲಿಯೂ ಇರಲಿಲ್ಲ.

ಊಟವಾದ ಮೇಲೆ ಸುಬೇದಾರರು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಒಂದನ್ನು ನುಂಗಿ ನೀರು ಕುಡಿದರು. ದೂರದಿಂದಲೇ ಗುರುತು ಹಿಡಿದೆ. ನಾನು ಡಬ್ಬಿಯ ತಳದಲ್ಲಿ ಇಡುತ್ತಿದ್ದ ಮಾತ್ರೆಯೇ.

"ಬಿ.ಪಿ. ರೀ. ಆರು ವರ್ಷ ಆತು," ಅಂದರು. "ಯೂನಿಟ್‌ನಾಗ ಕೊಡ್ತಾರ. ಕೆಲಸಕ್ಕೇನೂ ಅಡ್ಡಿ ಇಲ್ಲ. ಆಫೀಸರ್‌ಗಳಾಗೂ ಒಬ್ರಿಬ್ರು ಅದಾರ."

ನಾನು ಅವರ ಲೋಟಕ್ಕೆ ಇನ್ನಷ್ಟು ನೀರು ಹಾಕಿದೆ.

"ಮೇಡಂ ಕಡೀ ನಾಲ್ಕು ದಿನ ತಲಿ ನೋವು, ತಲಿ ನೋವು ಅಂತಿದ್ರು. ಹದಿನೆಂಟು ದಿನ ಮಿಸೈಲ್ ಗಾಡಿ ಬಿಟ್ಟು ಸರೀಲಿಲ್ಲ. ಡಾಕ್ಟರ್ ಕಡೆ ಹೋಗ್ರಿ ಅಂದ್ರ 'ಆಮ್ಯಾಲೆ ನೋಡೂಣು' ಅಂದ್ರು." ಅವರು ಲೋಟ ಕೆಳಗಿಟ್ಟರು. "ಮೇಡಂಗ ಬಿ.ಪಿ. ಇತ್ತೇನ್ರಿ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಇಲ್ಲ," ಅಂದೆ.

ಅವರು ತಲೆಯಾಡಿಸಿದರು. ಎಲ್ಲ ಸಾಮಾನೂ ತಲುಪಿದೆ ಎಂಬ ಕಡೆ ನನ್ನಿಂದ ಸಹಿ ಹಾಕಿಸಿಕೊಂಡು ಹೋದರು. ಪಾರ್ಸಲ್ ಏನಾದರೂ ಅವಳಿಗೆ ಮುಟ್ಟಿತ್ತೇ ಎಂದು ಕೇಳಬೇಕೆಂದು ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಹೋದೆ. ಎಂಥ ಪಾರ್ಸಲ್ ಎಂದು ಅವರು ಕೇಳಿದರೆ ಏನು ಹೇಳಲಿ? ಕೇಳಲಿಲ್ಲ.

ಬೋರ್ಡು ಕೂತಿತೋ, ಅವಳ ಫೈಲನ್ನು ಯಾರಾದರೂ ತೆರೆದರೋ, ನಮಗೆ ಗೊತ್ತಾಗಲಿಲ್ಲ. ಆ ಫೈಲಿನಲ್ಲಿ ಅವಳಿಗೆ ಯಾವ ಕಾಯಿಲೆಯೂ ಇಲ್ಲ. ಇವತ್ತಿಗೂ ಇಲ್ಲ. ನನ್ನ ಹೆಂಡತಿಗೆ ಮಾತ್ರ ಶಿಕಾರಿಪುರದ ಒಂದು ಚೀಟಿಯಲ್ಲಿ ರಕ್ತದೊತ್ತಡ ಇದೆ.

ಹೋದ ಭಾನುವಾರ ಅಕ್ಕ ಹುರಿದ ಗುರೆಳ್ಳನ್ನು ಮೊರಕ್ಕೆ ಸುರಿದು ಹೊರಗೆ ತಂದಳು. ಯಾಕೆ ಹುರಿದೆ ಎಂದು ನಾನು ಕೇಳಲಿಲ್ಲ. ಅವಳೇ ಮೊರ ಕೆಳಗಿಟ್ಟು ಕೇಳಿದಳು:

"ತಮ್ಮ, ನೀ ಕಡೀಗೆ ಕಳಿಸಿದ್ದ ಡಬ್ಬಿ ಅವಳಿಗೆ ಮುಟ್ಟಿತ್ತೇನೋ? ತಿಂದ್ಳೋ ಇಲ್ಲೋ..."

"ಮುಟ್ಟಿರ್ತೈತಿ ಅಕ್ಕ," ಅಂದೆ.

ಕೊರಿಯರ್ ಚೀಟಿ ನನ್ನ ಅಂಗಡಿಯ ಡ್ರಾಯರಿನಲ್ಲಿದೆ. ಅಕ್ಷರ ಅಳಿಸುತ್ತ ಬಂದಿದೆ. ತಲುಪಿದೆ ಎಂದೂ ಸುದ್ದಿಯಿಲ್ಲ, ವಾಪಸ್ಸೂ ಬಂದಿಲ್ಲ. ಆ ಡಬ್ಬಿ ಎಲ್ಲಿದೆಯೋ ನನಗೆ ಗೊತ್ತಿಲ್ಲ.