ಆಪರೇಟರಮ್ಮ ಮತ್ತು ಒಂಬತ್ತು ಬೀರಪ್ಪಂದಿರು

ಆಪರೇಟರಮ್ಮನ ಬಲಗೈಯ ತೋರುಬೆರಳು ಸದಾ ನಡುಗುತ್ತಿತ್ತು. ಚಹಾದ ಲೋಟ ಹಿಡಿದಾಗ ನಡುಗುತ್ತಿತ್ತು, ಕನ್ನಡಕ ಸರಿಪಡಿಸಿಕೊಳ್ಳುವಾಗ ನಡುಗುತ್ತಿತ್ತು, ಕಂಪ್ಯೂಟರಿನ ಮೌಸಿನ ಮೇಲೆ ಬಂದು ಕೂತ ಮೇಲೂ ನಡುಗುತ್ತಿತ್ತು. ಒತ್ತುವ ಗಳಿಗೆಯಲ್ಲಿ ಮಾತ್ರ ನಿಲ್ಲುತ್ತಿತ್ತು. ಹೊಸಬರು ನೋಡಿ ಏನೋ ಕಾಯಿಲೆ ಎಂದುಕೊಳ್ಳುತ್ತಿದ್ದರು. “ಡಾಕ್ಟರಿಗೆ ತೋರ್ಸೀನ್ರೀ, ನರದಾಗ ಏನೂ ಇಲ್ಲಂತ. ಅಂಜಿಕಿ ಅದು. ಇರ್ಲಿ ಬಿಡ್ರಿ, ಅದೂ ಕೆಲ್ಸಕ್ಕ ಬರ್ತೈತಿ” ಎಂದು ಅವರೇ ಹೇಳುತ್ತಿದ್ದರು.

ತೆಲುಗು ಸೀಮೆಯ ಗದ್ವಾಲದ ಕೋಟೆಯ ಹಿಂದಿನ ಓಣಿಯಲ್ಲಿ ಒಂದು ಬಟ್ಟೆ ಅಂಗಡಿಯ ಹಿಂಬದಿಯ ಕೋಣೆ ಅವರದು. ಜಮೀನಿನ ಕಾಗದಗಳೆಲ್ಲ ಕಂಪ್ಯೂಟರಿಗೆ ಏರಿದ ಕಾಲದಲ್ಲಿ ಒಂದು ಕಚೇರಿಯಲ್ಲಿ ಆಪರೇಟರ್ ಆಗಿದ್ದರು. ಯಾವ ಕಚೇರಿ, ಯಾವ ಊರು ಎಂದು ನಾನು ಬರೆಯುವುದಿಲ್ಲ, ಅದು ಅವರಿಗೂ ಇಷ್ಟವಿರಲಿಲ್ಲ. ಕೆಲಸ ಬಿಟ್ಟ ಮೇಲೆ ಜನರ ಕೆಟ್ಟ ಕಂಪ್ಯೂಟರುಗಳನ್ನು ನೋಡತೊಡಗಿದರು. ರಾಜೋಳಿ, ವಡ್ಡೆಪಲ್ಲಿ ಕಡೆಯ ಬೀಜದಂಗಡಿಯವರಿಂದ ಹಿಡಿದು ಮಕ್ತಲದ ನನ್ನಂಥ ಫೋಟೋ ಸ್ಟುಡಿಯೋದವರ ತನಕ ಎಲ್ಲರೂ ಅವರ ಗಿರಾಕಿಗಳೇ.

ಅವರ ಕೆಲಸದ ರೀತಿ ನೋಡಿದರೆ ಎಂಥವರಿಗೂ ತಾಳ್ಮೆ ಕೆಡುತ್ತಿತ್ತು. ಪರದೆಯ ಮೇಲೆ ಏನಾದರೂ ಸಂದೇಶ ಬಂದರೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅದನ್ನು ಗಟ್ಟಿಯಾಗಿ ಮೂರು ಸಲ ಓದುವರು, ಕೋರ್ಟಿನ ನೋಟಿಸು ಓದಿದ ಹಾಗೆ. ಪಕ್ಕದಲ್ಲಿ ನಿಂತವರು ಬೆರಳು ಚಾಚಿ “ಇಲ್ಲಿ ಒತ್ರಿ” ಎಂದರೆ ಮುಗಿಯಿತು, “ಕೈ ಹಿಂದ ಕಟ್ಕೋರಿ” ಎಂದು ಗದರುವರು. ದೊಡ್ಡ ಮೀಸೆಯ ಗುತ್ತೇದಾರನೊಬ್ಬ ಶಾಲೆಯ ಮಕ್ಕಳಂತೆ ಕೈ ಹಿಂದೆ ಕಟ್ಟಿ ನಿಂತದ್ದನ್ನು ನಾನೇ ಕಂಡಿದ್ದೇನೆ. ಒತ್ತುವ ಮೊದಲು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಳ್ಳುವರು: ಈಗ ಏನು ಒತ್ತುತ್ತೇನೆ, ಕೆಟ್ಟರೆ ಹಿಂದಕ್ಕೆ ಬರುವ ದಾರಿ ಯಾವುದು. ದಾರಿ ಹೊಳೆಯದಿದ್ದರೆ ಒತ್ತುವುದೇ ಇಲ್ಲ. ದೂರದಲ್ಲಿ ಗುಡುಗಿದ ಸದ್ದು ಕೇಳಿದರೆ ಸಾಕು, ಎಲ್ಲ ಪ್ಲಗ್ಗು ಕಿತ್ತು ಕೂತುಬಿಡುವರು. ನಾನು ಮನೆಗೆ ಬಂದು ಹೆಂಡತಿಯ ಮುಂದೆ ಅವರ ಬೆರಳಿನ ನಡುಕವನ್ನು ಆಡಿ ತೋರಿಸಿ ನಗುತ್ತಿದ್ದೆ. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ.

ನನಗೆ ಬುದ್ಧಿ ಬಂದದ್ದು ಮೂರು ವರ್ಷದ ಹಿಂದೆ. ನನ್ನ ಸ್ಟುಡಿಯೋದ ಹಳೇ ಕಂಪ್ಯೂಟರ್ ಕೆಮ್ಮುತ್ತ ಕೆಮ್ಮುತ್ತ ನಿಂತುಹೋಗುವ ಹಾಗಾಗಿತ್ತು. ಹೊಸದೊಂದು ತಂದೆ. ಅದರ ಜೊತೆ ಫೋಟೋಗಳನ್ನೆಲ್ಲ ಒಂದೇ ಸಂಗ್ರಹದಲ್ಲಿ ಜೋಡಿಸಿಡುವ ಹೊಸ ಪ್ರೋಗ್ರಾಮೂ ಬಂತು. ಹಳೇ ಡಬ್ಬದ ಒಳಗಿನ ಡಿಸ್ಕನ್ನು ಬಿಚ್ಚಿಸಿ ಹೊಸದಕ್ಕೆ ಜೋಡಿಸಿ, ಉಳಿದ ಡಬ್ಬವನ್ನು ಗುಜರಿಯವನಿಗೆ ಎತ್ತಿ ಕೊಟ್ಟೆ. ಹೊಸ ಯಂತ್ರ ಶುರುವಾಗುವಾಗ ಬಳಕೆದಾರನ ಹೆಸರು ಕೇಳಿತು. ನಮ್ಮ ಮನೆಯಲ್ಲಿ ಏನೇ ಹೊಸದು ಬಂದರೂ ಅದು ಮನೆದೇವರು ಬೀರಪ್ಪನ ಹೆಸರಿನಲ್ಲೇ ಇರಬೇಕು. ಹಳೆಯದರಲ್ಲೂ ಬೀರಪ್ಪ ಎಂದೇ ಇತ್ತು. ಇದರಲ್ಲೂ ಬೀರಪ್ಪ ಎಂದೇ ಬರೆದು, ಭಂಡಾರದ ಅರಿಶಿನ ಹಚ್ಚಿ ಕೈಮುಗಿದೆ.

ಹೊಸ ಪ್ರೋಗ್ರಾಮಿಗೆ ಹಳೇ ಸಂಗ್ರಹ ತೋರಿಸಿದೆ. ಪರದೆಯ ತುಂಬ ಬೂದಿ ಬಣ್ಣದ ಚೌಕಗಳು. ಒಂದರಲ್ಲೂ ಮುಖವಿಲ್ಲ. ಕೆಳಗೆ ಒಂದೇ ಸಾಲು: ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ. ಹನ್ನೊಂದು ವರ್ಷದ ಫೋಟೋಗಳು ಅದರಲ್ಲಿದ್ದವು. ನಕಲು ಎಲ್ಲೂ ಇರಲಿಲ್ಲ. ಆದರೂ ನಾಳೆ ನೋಡಿದರಾಯಿತೆಂದು ಮುಚ್ಚಿಟ್ಟೆ.

ಮಾರನೆಯ ದಿನ, ಗುರುವಾರ, ದಾಮರಗಿದ್ದ ಕಡೆಯ ಕುರುಬರ ಹೆಣ್ಣುಮಗಳೊಬ್ಬಳು ಸ್ಟುಡಿಯೋಕ್ಕೆ ಬಂದಳು. ಗಂಡ ಪಟ್ಟಣಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದವನು ಮೇಲಿಂದ ಬಿದ್ದು ಸತ್ತಿದ್ದ. ಅವನ ಫೋನು ಅಲ್ಲೇ ಕಳೆದುಹೋಗಿತ್ತು. ಭಾನುವಾರ ಹನ್ನೊಂದನೆಯ ದಿನದ ಕಾರ್ಯ. ಕಂಬಳಿ ಹಾಸಿ, ಭಂಡಾರ ಹಚ್ಚಿ, ಅದರ ಮೇಲೆ ಇಡಲು ಅವನ ಫೋಟೋ ಬೇಕು.

“ನಾಕೈದು ವರ್ಷದ ಕೆಳಗ ನಿಮ್ಮಲ್ಲೇ ತಗಿಸ್ಯಾನ್ರೀ. ಕಟ್ಟು ಹಾಕ್ಸಿ ಗೋಡಿಗೆ ಬಡ್ದಿದ್ವಿ, ಗೆದ್ದಲ ತಿಂದ್ವು” ಎಂದಳು.

“ಆಧಾರ ಕಾರ್ಡಿನ ಫೋಟೋ ಐತೇನು?” ಎಂದೆ.

“ಅದ್ರಾಗ ಅವನ ಮಾರಿ ಮಾರಿಯಂಗ ಇಲ್ರೀ. ಹೆಣಾ ಕಂಡಂಗ ಕಾಣ್ತೈತಿ. ನನ್ನ ಮಗಳಿಗೆ ಎರಡ ವರ್ಷ. ಅವಳಿಗೆ ನಿಮ್ಮ ಹಂತೇಲಿರೋದs ಅವರಪ್ಪನ ಮಾರಿ.”

“ಐತಿ, ಐತಿ. ಶನಿವಾರ ಬಾರವಾ” ಎಂದೆ. ಹೆಸರು ಕೇಳಿದೆ. ಗಂಡನ ಹೆಸರು ಬೀರಪ್ಪ ಎಂದಳು. ಅವಳು ಮೆಟ್ಟಿಲಿಳಿದು ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತೆ.

ಆಮೇಲೆ ನಾನು ಮಾಡಿದ್ದೆಲ್ಲ ಹುಚ್ಚಾಟ. ಸಿಕ್ಕಿದ್ದೆಲ್ಲ ಒತ್ತಿದೆ. ಒತ್ತಿದಾಗಲೆಲ್ಲ ಅದೇ ಸಾಲು. ನಾರಾಯಣಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪರಿಚಯದವನೊಬ್ಬನಿಗೆ ಫೋನ್ ಮಾಡಿದೆ. “ಡಿಸ್ಕ್ ಫಾರ್ಮ್ಯಾಟ್ ಹೊಡೀರಿ. ಆಮ್ಯಾಲ ಸಾಫ್ಟ್‌ವೇರ್ ಹಾಕಿ ಎತ್ತೂಣು, ನೂರಕ್ಕ ಎಂಬತ್ತು ಬರ್ತಾವು” ಎಂದ. ಆ ಮಾತಿನ ಧೈರ್ಯ ನೋಡಿ ನನಗೂ ಧೈರ್ಯ ಬಂತು. ಫಾರ್ಮ್ಯಾಟ್ ಎಂಬ ಅಕ್ಷರದ ಮೇಲೆ ಬಾಣದ ಗುರುತು ತಂದು ನಿಲ್ಲಿಸಿಯೂ ಇದ್ದೆ. ಹಿಂದೆ ನಿಂತಿದ್ದ ಹೆಂಡತಿ ಕೇಳಿದಳು:

“ಉಳದ ಇಪ್ಪತ್ತರಾಗ ಆಕಿ ಗಂಡ ಇದ್ರ?”

ಕೈ ತೆಗೆದೆ. ಯಂತ್ರವನ್ನೂ ಡಿಸ್ಕನ್ನೂ ದುಪ್ಪಟಿಯಲ್ಲಿ ಸುತ್ತಿಕೊಂಡು ಶುಕ್ರವಾರ ಬೆಳಗಿನ ಬಸ್ಸಿಗೆ ಗದ್ವಾಲಕ್ಕೆ ಹೊರಟೆ. ಜೂರಾಲದ ಅಣೆಕಟ್ಟಿನ ಆ ಕಡೆ ರಸ್ತೆಯ ಗುಂಡಿಗಳಲ್ಲಿ ಬಸ್ಸು ಎಗರಿದಾಗಲೆಲ್ಲ ನನ್ನ ಜೀವ ಎಗರುತ್ತಿತ್ತು. ಬಾಣಂತಿಯ ಮಗುವನ್ನೂ ನಾನು ಅಷ್ಟು ಜೋಪಾನವಾಗಿ ಹಿಡಿದವನಲ್ಲ.

ಆಪರೇಟರಮ್ಮ ಎಲ್ಲ ಕೇಳಿದರು. ಯಂತ್ರ ಚಾಲೂ ಮಾಡಿ, ಕೈ ಮಡಿಲಲ್ಲಿಟ್ಟುಕೊಂಡು ಆ ಸಾಲನ್ನು ಮೂರು ಸಲ ಓದಿದರು.

“ಫೋಟೋ ಇಲ್ಲ ಅಂದಿಲ್ರೀ ಅದು. ನಿಮಗ ಅನುಮತಿ ಇಲ್ಲ ಅಂದೈತಿ. ಎರಡಕ್ಕ ಭಾಳ ಫರಕ್ ಐತಿ. ಇನ್ನೊಂದು ನಕಲು ಎಲ್ಲೈತಿ?”

“ಇಲ್ರೀ.”

ಅವರ ಮುಖ ಬಿಳುಪೇರಿತು. ಗಾಬರಿಯಾದರೆ ಅವರ ಬಾಯಿಗೆ ತೆಲುಗು ಬರುತ್ತಿತ್ತು. “ಅಯ್ಯೋ ದೇವುಡಾ” ಎಂದು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದರು. ಬಂದು ಕೂತವರು ಮೊದಲು ಮಾಡಿದ್ದು, ಒಂದು ಖಾಲಿ ಡಿಸ್ಕಿಗೆ ನನ್ನ ಡಿಸ್ಕಿನ ಪೂರ್ತಿ ಪಡಿಯಚ್ಚು ತೆಗೆಯುವ ಕೆಲಸ. ಹಾಗೆ ತೆಗೆಯಲು ಫೋಲ್ಡರುಗಳ ಅನುಮತಿ ಬೇಕಿಲ್ಲವಂತೆ, ಬೀಗ ಮುರಿಯದೆ ಪೆಟ್ಟಿಗೆಯನ್ನೇ ಇನ್ನೊಂದು ಮಾಡಿದ ಹಾಗೆ. ನಾಲ್ಕು ತಾಸು ಹಿಡಿಯಿತು. ಆ ನಾಲ್ಕು ತಾಸಿನಲ್ಲಿ ಅವರು ಹೇಳಿದ ಮಾತುಗಳೇ ನನ್ನಲ್ಲಿ ಉಳಿದಿರುವುದು.

“ಹಳೇದ್ರಾಗ ಯಾರ ಹೆಸರಿಲೆ ಕುಂದರ್ತಿದ್ರಿ?”

“ಬೀರಪ್ಪ.”

“ಹೊಸದ್ರಾಗ?”

“ಅದರಾಗೂ ಬೀರಪ್ಪನೇರೀ. ಅದs ನಂಗ ತಿಳೀವಲ್ದು. ಅದs ದೇವರು, ಅದs ಹೆಸರು. ಯಾಕ ಬ್ಯಾಡ ಅಂತೈತಿ?”

ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. “ಹೆಸರು ಒಂದಾದ್ರ ಮನಷ್ಯಾ ಒಬ್ಬನೇ ಆಗ್ತಾನೇನ್ರೀ? ಯಂತ್ರ ಹೆಸರು ನೋಡಂಗಿಲ್ಲ. ಒಳಗ ಒಬ್ಬೊಬ್ಬರಿಗೆ ಒಂದೊಂದು ನಂಬರ್ ಕೊಟ್ಟಿರ್ತೈತಿ. ಹಳೇ ಬೀರಪ್ಪನ ನಂಬರ್ ಬ್ಯಾರೆ, ಈ ಬೀರಪ್ಪನ ನಂಬರ್ ಬ್ಯಾರೆ. ಅವನ ಪಟ್ಟಾ ಜಮೀನಿನ್ಯಾಗ ಇವ ಹೋಗಿ ಬಿತ್ತಾಕ ನಿಂತ್ರ ಬಿಡ್ತಾರೇನು?”

ತಾವೇ ಮುಂದುವರಿಸಿದರು. ಅವರ ಕಚೇರಿಯಲ್ಲಿ ಒಂದೇ ಊರಿನ ಹನ್ನೆರಡು ಜನ ಬೀರಪ್ಪಂದಿರ ಕಾಗದ ಏರಿಸಬೇಕಾಗಿತ್ತಂತೆ. ಒಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು, ಪರದೆ ತೋರಿಸಿ, “ಇದs ಏನು ನಿಂದು?” ಎಂದು ಕೇಳಿದರು. ಓದು ಬರದವನು, ಕಚೇರಿ ಎಂದರೆ ನಡುಗುವವನು, “ಹೂಂರೀ” ಎಂದ. ಇವರು ಒತ್ತಿದರು. ಅವನ ಹೊಲ ಇನ್ನೊಬ್ಬ ಬೀರಪ್ಪನ ಹೆಸರಿಗೆ ಹೋಯಿತು.

“ತಿದ್ಸಾಕ ಆರು ವರ್ಷ ಹಿಡೀತ್ರೀ. ಆರೂ ವರ್ಷ ಅವ ಕಚೇರಿ ಮುಂದ ಬಂದು ಕುಂದರ್ತಿದ್ದ. ಒಂದಿನಾನೂ ನನಗ ಬೈಲಿಲ್ಲ. ಬೈದಿದ್ರ ಛಲೋ ಇತ್ತು. ‘ನಾನs ಹೂಂ ಅಂದಿದ್ನಲ್ಲ ಅಮ್ಮಾರ’ ಅಂತಿದ್ದ.” ಅವರು ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು. “ಅವತ್ತಿಂದ ಐತಿ ಇದು.”

ಮಧ್ಯಾಹ್ನ ಪಡಿಯಚ್ಚು ಮುಗಿಯಿತು. ಮೂಲ ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ನಕಲಿನ ಮೇಲೆ ಕೆಲಸ ಹಿಡಿದರು. ಎಲ್ಲರಿಗೂ ಅನುಮತಿ ಎಂದು ಕೊಟ್ಟುಬಿಟ್ಟರೆ ಬೇಗ ಮುಗಿಯುವುದಲ್ಲ ಎಂದೆ. ಕನ್ನಡಕದ ಮೇಲಿಂದ ನೋಡಿದರು. “ಮಂದಿ ಹೆಣ್ಮಕ್ಕಳ ಮಾರಿ ಅದಾವ ಇದರಾಗ. ಬಂದ ಹೋದವರಿಗೆಲ್ಲ ಬಾಗಲಾ ತಗೀತೀರೇನು? ಮಾಲಕನ ಹೆಸರಷ್ಟ ಬದ್ಲಿ ಮಾಡೂಣು.” ಮೊದಲು ಒಂದೇ ಒಂದು ಸಣ್ಣ ಫೋಲ್ಡರಿನ ಮಾಲಕನನ್ನು ಬದಲಿಸಿದರು. ತೆರೆಯಿತು. ಯಾರದೋ ಕೂಸಿನ ಮೊದಲ ಕೂದಲು ತೆಗೆಸಿದ ಜಾವಳದ ಫೋಟೋಗಳು ಕಂಡವು. ಆಮೇಲೆ ಅದೇ ಹುಕುಂ ಒಳಗಿನ ಎಲ್ಲ ಫೋಲ್ಡರಿಗೂ ಅನ್ವಯಿಸಲಿ ಎಂದು ಬರೆದುಕೊಂಡು, ಮೂರು ಸಲ ಓದಿ, ಬೆರಳು ನಿಲ್ಲುವ ತನಕ ಕಾದು, ಒತ್ತಿದರು. ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತಿತು. ಎಷ್ಟೋ ಹೊತ್ತಿನ ಮೇಲೆ ಮತ್ತೆ ಸರಿಯಿತು. ಹೊಸ ಪ್ರೋಗ್ರಾಮಿಗೆ ಫೋಟೋಗಳಿರುವ ಜಾಗ ಮತ್ತೆ ತೋರಿಸಿದಾಗ ಬೂದಿ ಚೌಕಗಳಲ್ಲಿ ಒಂದೊಂದೇ ಮುಖ ಮೂಡತೊಡಗಿತು. ನನಗೆ ಅಳು ಬಂತು, ಅತ್ತೆ.

ಆದರೆ ಹೆದರಿಕೆ ಅಲ್ಲಿಗೆ ಮುಗಿಯಲಿಲ್ಲ. ಬೀರಪ್ಪ, ದಾಮರಗಿದ್ದ ಎಂದು ಹುಡುಕಿದೆ. ಒಂಬತ್ತು ಜನ ಬಂದರು. ಆ ಕಡೆ ಮನೆಗೊಬ್ಬ ಬೀರಪ್ಪ ಇದ್ದೇ ಇರುತ್ತಾನೆ. ನಾನು ಹೆಸರು, ಊರು ಬಿಟ್ಟು ಬೇರೆ ಏನೂ ಬರೆದಿಟ್ಟಿರಲಿಲ್ಲ. ಒಂಬತ್ತೂ ಜನ ನನ್ನ ಸ್ಟುಡಿಯೋದ ಅದೇ ಕಪ್ಪು ಕೋಟು ತೊಟ್ಟಿದ್ದರು. ಅದೇ ಪರದೆ, ಅದೇ ಬಿಗಿದ ಮುಖ. ಅವಳ ಗಂಡನ ಮುಖ ನನಗೆ ನೆನಪೇ ಇರಲಿಲ್ಲ. ನೋಡುತ್ತ ನೋಡುತ್ತ ಮೂರನೆಯವನೇ ಇರಬೇಕು ಅನಿಸಿತು.

“ಇವನೇರೀ. ಇವನs ಖರೆ” ಎಂದೆ.

“ಹೆಂಗ ಗೊತ್ತು?”

“ಅನಸ್ತೈತಿ. ಇದನ್ನ ದೊಡ್ಡದು ಮಾಡಿ ತೋರಿಸ್ತೀನಿ, ಆಕಿ ಹೂಂ ಅಂದ್ರ ಆತು.”

ಆಪರೇಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಬದುಕಿದವನ ಫೋಟೋಕ್ಕ ಮಾಲಿ ಹಾಕಸ್ತೀರೇನ್ರೀ? ದುಃಖದಾಗ ಇದ್ದಾಕಿ, ಕಣ್ಣಾಗ ನೀರು ತುಂಬಿರ್ತಾವು, ನೀವು ‘ಇವನೇನು’ ಅಂದ್ರ ಹೂಂ ಅಂತಾಳ. ಒಂದ ತೋರ್ಸಬ್ಯಾಡ್ರಿ. ಒಂಬತ್ತೂ ಇಡ್ರಿ. ಬಾಯಿ ಬಿಡಬ್ಯಾಡ್ರಿ. ಆಕೀನs ಬೆರಳಿಡ್ಲಿ.”

ಶನಿವಾರ ಅವಳು ಬಂದಳು. ಒಂಬತ್ತೂ ಮುಖ ಪರದೆಗೆ ತಂದು, ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ನಿಂತೆ. ಸೆರಗಿನಿಂದ ಕಣ್ಣೊರೆಸಿಕೊಂಡು ಒಬ್ಬೊಬ್ಬರನ್ನೇ ನೋಡುತ್ತ ಹೋದಳು. ಮೂರನೆಯವನ ಮುಂದೆ ಅವಳು ಒಂದು ಗಳಿಗೆ ನಿಂತಾಗ ನನಗೆ ‘ಇವನೇ ಅಲ್ಲವೇನವ್ವಾ’ ಎನ್ನುವ ಆಸೆ ಗಂಟಲ ತನಕ ಬಂದಿತ್ತು. ನುಂಗಿದೆ. ಅವಳು ದಾಟಿ ಹೋದಳು. ಏಳನೆಯವನ ಮೇಲೆ ಕೈ ಇಟ್ಟಳು.

“ಇವನ ನೋಡ್ರಿ. ಕೋಟಿನ ಗುಂಡಿ ತಪ್ಪಿ ಹಾಕ್ಕೊಂಡಾನ. ಅವತ್ತೂ ಬೈದಿದ್ದೆ ನಾ” ಎಂದವಳು ಅಲ್ಲೇ ನೆಲಕ್ಕೆ ಕೂತು ಅತ್ತಳು.

ಅವಳು ಫೋಟೋ ಒಯ್ದ ಮೇಲೆ ಆಪರೇಟರಮ್ಮನಿಗೆ ಫೋನ್ ಮಾಡಿದೆ. ಸಿಕ್ಕಿತು, ಆದರೆ ನಾನು ಅಂದುಕೊಂಡವನಲ್ಲ ಎಂದೆ. ಅವರು ಕೇಳಿದರು:

“ಆ ಮೂರನೇದವ ಬದುಕ್ಯಾನೇನ್ರೀ?”

“ಗೊತ್ತಿಲ್ರೀ.”

“ಬದುಕಿದ್ರ ಒಂದಿನ ಬಂದs ಬರ್ತಾನ. ಬಂದಾಗ ನಂಗ ಹೇಳ್ರಿ.”

ಆಮೇಲೆ ಯಾವ ಕೆಲಸಕ್ಕೆ ಫೋನ್ ಮಾಡಿದರೂ ಕೊನೆಗೆ “ಅವ ಬಂದನೇನು?” ಎಂದು ಕೇಳುತ್ತಿದ್ದರು. ಬಂದಿಲ್ಲ ಎಂದರೆ “ಹೌದಾ” ಎಂದು ಇಡುತ್ತಿದ್ದರು. ಹೋದ ಬೇಸಗೆಯಲ್ಲಿ ಎದೆನೋವೆಂದು ಮಲಗಿದವರು ಮತ್ತೆ ಏಳಲಿಲ್ಲ. ಮಣ್ಣಿಗೆ ಹೋಗಿಬಂದೆ. ಎಲ್ಲರ ಜೊತೆ ನಾನೂ ಒಂದು ಮುಷ್ಟಿ ಮಣ್ಣು ಹಾಕಿದೆ.

ಹೋದ ತಿಂಗಳು ಮಧ್ಯಾಹ್ನ ಒಬ್ಬಾತ ಮಗಳ ಶಾಲೆಯ ಅರ್ಜಿಗೆ ತಂದೆಯ ಫೋಟೋ ಬೇಕೆಂದು ಬಂದ. ಹೆಸರು ಕೇಳಿದೆ.

“ಬೀರಪ್ಪರೀ. ದಾಮರಗಿದ್ದದ ಕಡಿ. ಹಿಂದಕ ನಿಮ್ಮಲ್ಲೇ ತಗಿಸಿದ್ದೆ.”

ತಲೆಯೆತ್ತಿದೆ. ಮೂರನೆಯವನು. ಗಲ್ಲ ತುಂಬಿಕೊಂಡಿತ್ತು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ಬೆವರುತ್ತಿದ್ದ. ನೋಡುತ್ತಲೇ ನಿಂತೆ.

“ಯಾಕ್ರೀ, ದೆವ್ವ ನೋಡ್ದಂಗ ನೋಡಾಕ ಹತ್ತೀರಿ?” ಎಂದು ನಕ್ಕ.

“ಏನಿಲ್ಲಪ. ಕುಂದ್ರು” ಎಂದು ಹೊರಗೆ ಬಂದು ಆಪರೇಟರಮ್ಮನ ನಂಬರನ್ನು ಒತ್ತಿಯೂ ಬಿಟ್ಟಿದ್ದೆ, ಆಮೇಲೆ ಅವರಿಲ್ಲವೆಂಬುದು ನೆನಪಾಗಿ ಕಟ್ ಮಾಡಿದೆ. ಒಳಗೆ ಬಂದು ಫೋಟೋ ತೆಗೆದೆ. ತಂದೆಯ ಹೆಸರು, ಮನೆತನದ ಹೆಸರು ಕೇಳಿ ಬರೆದುಕೊಂಡೆ. ಅವನು ಹೊರಟಾಗ ಬಾಗಿಲ ತನಕ ಹೋದೆ. ಲಾರಿಗಳು ಓಡುವ ರಸ್ತೆ ಅದು. ಅವನು ಅದನ್ನು ದಾಟಿ, ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂರುವ ತನಕ ನಾನು ಅಲ್ಲಿಂದ ಅಲುಗಾಡಲಿಲ್ಲ.