ಅರ್ಧ ಬಾವಿಯ ಆಯಿಶುಮ್ಮ

ಶಿರಿಯದ ಕಡಲಬದಿಯಲ್ಲಿ ಆಯಿಶುಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ; ಅರ್ಧ ಬಾವಿ ಎಂದರೆ ಸಾಕು, ಬಾಗಿಲಿಗೇ ತಂದು ಬಿಡುತ್ತಾರೆ. ಅವಳ ಅಂಗಳಕ್ಕೂ ಪಕ್ಕದ ಮನೆಯಾಕೆ ಕಮಲನ ಅಂಗಳಕ್ಕೂ ನಡುವಿನ ಗೋಡೆ ಬಾವಿಕಟ್ಟೆಗೆ ಬಂದು ನಿಲ್ಲುತ್ತದೆ, ಆಚೆ ತುದಿಯಿಂದ ಮತ್ತೆ ಮುಂದುವರಿಯುತ್ತದೆ. ಬಾವಿ ಒಂದೇ, ರಾಟೆ ಎರಡು.

ಒಂದು ಮಳೆಗಾಲ ಕಡಲು ತೆಂಗಿನ ಮೊದಲ ಸಾಲನ್ನೂ ದೋಣಿ ಇಳಿಸುವ ಚಪ್ಪರವನ್ನೂ ನುಂಗಿತು. ಸುತ್ತಲ ಬಾವಿಗಳೆಲ್ಲ ಉಪ್ಪಾದವು, ಇದೊಂದು ಆಗಲಿಲ್ಲ. ಮೇ ತಿಂಗಳಲ್ಲಿ ಇಡೀ ಓಣಿ ಕಮಲನ ಬದಿಯಲ್ಲಿ ಕೊಡಪಾನ ಹಿಡಿದು ನಿಲ್ಲುತ್ತಿತ್ತು. ಒಂದೇ ವರ್ಷದಲ್ಲಿ ಮದುವೆಯಾಗಿ ಬಂದ ಆಯಿಶುಮ್ಮ, ಕಮಲ ಇಬ್ಬರ ಹೆರಿಗೆ, ಅತ್ತೆಯರ ಕಾಟ, ಗಂಡಂದಿರ ಸಿಟ್ಟು ಎಲ್ಲವೂ ಹಂಚಿಹೋದದ್ದು ಈ ನೀರಿನ ಮೇಲೆಯೇ.

ಈಗ ಮನೆಮನೆಗೆ ನಳ್ಳಿ. ಕಮಲನಿಗೆ ಮೊಣಕಾಲು ನೋವು. ಆಚೆಯ ರಾಟೆ ಸದ್ದು ಮಾಡದೆ ಆರು ತಿಂಗಳು. ದುಬೈಯಿಂದ ರಜೆಯಲ್ಲಿ ಬಂದ ಆಯಿಶುಮ್ಮನ ಮಗ ತಂಸೀರ್ ಗೋಡೆ ಎತ್ತರಿಸಲು ಹೊರಟ, ಬಾವಿಯ ಮೇಲೂ ಕಟ್ಟಿ ಆಚೆಯ ಬದಿ ಮುಚ್ಚಲು.

"ಆಚೆಯಿಂದ ಈಗ ಯಾರು ನೀರು ಎಳೆಯುತ್ತಾರೆ ಉಮ್ಮ?"

"ಎಳೆಯುತ್ತಾರೆ."

"ಮೂರು ದಿನ ನೋಡುವ. ಒಂದು ಕೊಡಪಾನ ಎಳೆದರೂ ನಾನು ಮುಟ್ಟುವುದಿಲ್ಲ."

ಕಮಲನಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆಯಿಶುಮ್ಮ ಹೇಳಲಿಲ್ಲ. ಬಿಗುಮಾನ ಎಂದರೂ ಸರಿಯೇ, ಆದರೆ ಹೆದರಿಕೆಯೇ ಹೆಚ್ಚು. 'ಮುಚ್ಚಲಿ ಬಿಡು' ಎಂದು ಕಮಲ ಅಂದುಬಿಟ್ಟರೆ? ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮೇಸ್ತ್ರಿ ಚೆನ್ನಪ್ಪ ಕೆಂಪುಕಲ್ಲು ಇಳಿಸುತ್ತಿದ್ದ. ಆಚೆಯ ರಾಟೆ ಕಿರ್ರೆಂದಿತು. ತಂಸೀರ್ ಬ್ರಶ್ ಬಾಯಲ್ಲಿಟ್ಟುಕೊಂಡೇ ಓಡಿಬಂದ. ಕಮಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಗುತ್ತಿದ್ದಳು. ಹಗ್ಗ ಜಗ್ಗುತ್ತಿದ್ದವಳು ಅವನ ಉಮ್ಮ.

"ನೀವು ಆಚೆಯವರಾ ಉಮ್ಮ?"

"ನಿಂತದ್ದು ಆಚೆ ಬದಿಯಲ್ಲಿ ಅಲ್ಲವಾ? ಎಳೆದದ್ದು ಕೊಡಪಾನ ಅಲ್ಲವಾ?"

"ನಾಳೆಯೂ ಬರ್ತಾಳಂತೆ ಮಗಾ," ಎಂದಳು ಕಮಲ. "ನಾಳೆಗೂ ಬಾ ಎಂದು ಈಗ ನಾನೇ ಹೇಳಿದ್ದು. ಇಷ್ಟು ದಿನ ಎಂತಕ್ಕೆ ಬರಲಿಲ್ಲ ಕೇಳು."

ಓಣಿ ಸುತ್ತಿ ನಡೆದು ಬಂದ ಉಮ್ಮ ಬಾವಿಕಟ್ಟೆಗೆ ಒರಗಿ ದಣಿವಾರಿಸಿಕೊಳ್ಳುತ್ತಿದ್ದುದು ತಂಸೀರನ ಕಣ್ಣಿಗೆ ಬಿತ್ತು. ಅವನು ಮೇಸ್ತ್ರಿಯ ಕಡೆ ತಿರುಗಿದ.

"ಬಾವಿ ಹಾಗೇ ಇರಲಿ. ಪಕ್ಕದ ಗೋಡೆ ಒಡೆದು ಒಂದು ಬಾಗಿಲು ಇಡಿ ಚೆನ್ನಪ್ಪಣ್ಣ. ಉಮ್ಮನಿಗೆ ಸುತ್ತಿ ಹೋಗಲಿಕ್ಕೆ ದೂರ ಆಗ್ತದೆ."