ಕೂರಿಗೆಯ ಪಕ್ಕ ಕೂತ ಗಿಟಾರು

ತಿರ್ಲಾಪುರದ ರೇವವ್ವನಿಗೆ ಗಡಿಗೆ ಮಾರುವುದೆಂದರೆ ಕುಂಬಾರರಿಗೆ ತಲೆನೋವು. ಬೇರೆಯವರು ಒಂದು ಸಲ ಬಡಿದು ನೋಡಿದರೆ, ಈಕೆ ಬಾಯಿ, ಹೊಟ್ಟೆ, ತಳ ಮೂರೂ ಕಡೆ ಬೆರಳಿನ ಗಿಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ, "ಯಾಕೋ ದನಿ ಬ್ಯಾರೇ ಐತಿ" ಎಂದು ಕೆಳಗಿಡುತ್ತಾಳೆ. ಸಂತೆಯಲ್ಲಿ ಉಳ್ಳಾಗಡ್ಡಿ ಚೀಲವನ್ನು ಬುಡದಿಂದ ಬಿಚ್ಚಿಸುತ್ತಾಳೆ. ಹಾಲಿನವನ ಎದುರಿಗೇ ಉಗುರಿನ ಮೇಲೆ ಹಾಲಿನ ಹನಿ ಬಿಟ್ಟುಕೊಂಡು ಅದು ಜಾರುವ ಬಗೆಯನ್ನು ನೋಡುತ್ತಾಳೆ. ಮಠದ ಪ್ರಸಾದ ಬಂದರೂ ಮೂಸಿ ನೋಡುತ್ತಾಳೆಂದು ಓಣಿಯ ಹೆಂಗಸರು ಚೇಷ್ಟೆ ಮಾಡುವುದುಂಟು. ಅದು ಶುದ್ಧ ಸುಳ್ಳು. ಪ್ರಸಾದವನ್ನು ಆಕೆ ಮೂಸುವುದಿಲ್ಲ. ತಂದವನನ್ನು ಮಾತ್ರ ಮೇಲಿಂದ ಕೆಳಗೆ ನೋಡುತ್ತಾಳೆ.

ಗಂಡ ಮಡಿವಾಳೆಪ್ಪ ಇದಕ್ಕೆಲ್ಲ ಒಗ್ಗಿಹೋಗಿದ್ದಾನೆ. ಹೊಲದಿಂದ ತಡವಾಗಿ ಬಂದರೆ ಕಾರಣವನ್ನು ಹೊಸ್ತಿಲ ಹೊರಗೇ ನಿಂತು ಹೇಳಿ ಮುಗಿಸಿ, ಆಮೇಲೆ ಒಳಗೆ ಕಾಲಿಡುತ್ತಾನೆ. ಮಗ ಪ್ರಭುವಿಗೂ ಅದೇ ರೂಢಿ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಅಣ್ಣಿಗೇರಿಯ ರೋಹಿಣಿ. ಸೊಸೆಯ ತವರಿನಿಂದ ಬಂದ ಪಾತ್ರೆ, ಹಾಸಿಗೆ, ಕಪಾಟುಗಳನ್ನೆಲ್ಲ ಓಣಿಯ ಹೆಂಗಸರನ್ನು ಕರೆದು ತೋರಿಸುವುದು ಅಲ್ಲಿನ ಪದ್ಧತಿ. ರೇವವ್ವ ಒಂದೊಂದನ್ನೂ ಬಡಿದು, ಎತ್ತಿ, ತಿರುವಿ ತೋರಿಸಿದ್ದಳು. ಆಗ ಗಿಟಾರು ಅದರಲ್ಲಿರಲಿಲ್ಲ. ಅದು ಬಂದದ್ದು ಮದುವೆಯ ಗದ್ದಲವೆಲ್ಲ ಮುಗಿದ ಮೇಲೆ. ರೋಹಿಣಿಯ ತಮ್ಮ ಒಂದು ಕರಿ ಚೀಲವನ್ನು ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ತಂದು ಕೊಟ್ಟುಹೋದ.

"ಏನದು?" ರೇವವ್ವ ಕೇಳಿದಳು.

"ಗಿಟಾರ್ ರಿ ಅತ್ತಿ."

"ಸಾಮಾನಿನ ಜೋಡಿ ಯಾಕ ಬರಲಿಲ್ಲ ಅದು?"

"ಲಾರಿಯೊಳಗ ಹಾಕಿದ್ರ ಒಡೀತಿತ್ರಿ."

"ಯಾರ ಕೊಟ್ಟಿದ್ದು?"

"ಯಾರೂ ಕೊಟ್ಟಿಲ್ರಿ. ಮದವಿ ಮುಂಚೆ ನಾ ಔಷಧ ಅಂಗಡ್ಯಾಗ ಕೆಲಸಾ ಮಾಡ್ತಿದ್ನಲ್ರಿ, ನನ್ನ ಪಗಾರದಾಗ ತಗೊಂಡಿದ್ದು."

ಉತ್ತರ ಸರಳವಾಗಿತ್ತು. ಸರಳವಾದ ಉತ್ತರಗಳ ಮೇಲೆ ರೇವವ್ವನಿಗೆ ಮೊದಲಿನಿಂದಲೂ ಭರವಸೆಯಿಲ್ಲ. ಪಗಾರದಲ್ಲಿ ಹುಡುಗಿಯರು ಸೀರೆ ತಗೊಳ್ಳುತ್ತಾರೆ, ಕಿವಿಗೆ ಬಂಗಾರ ಮಾಡಿಸಿಕೊಳ್ಳುತ್ತಾರೆ. ಈ ಕಟ್ಟಿಗೆಯ ಡಬ್ಬಿ ಯಾರ ನೆನಪು?

ನೋಡಲಿಕ್ಕೇನೋ ಚೆಂದವಿತ್ತು. ಬೆಲ್ಲದ ಬಣ್ಣದ ಮೈ, ನಡುವಿನಲ್ಲಿ ಸೊಂಟ, ಸೊಂಟದ ಮೇಲೆ ದುಂಡನೆಯ ಬಾಯಿ, ಉದ್ದಕ್ಕೆ ಆರು ತಂತಿ. ಕೆಲವು ದಪ್ಪ, ಕೆಲವು ತಲೆಗೂದಲಿನಷ್ಟು ಸಣ್ಣ. ಎಲ್ಲವೂ ಉಕ್ಕಿನವು. ಕರೆಂಟಿಗೆ ಹಚ್ಚುವ ವೈರು ಮಾತ್ರ ಎಲ್ಲೂ ಕಾಣಲಿಲ್ಲ. ಇಷ್ಟು ದೊಡ್ಡ ದನಿ ಎಲ್ಲಿಂದ ಬರುತ್ತದೆ ಎಂಬುದೇ ರೇವವ್ವನ ಮೊದಲ ಗುಮಾನಿ. ಒಂದು ಸಂಜೆ ರೋಹಿಣಿ ಗಂಡನಿಗೆ ಹೇಳುತ್ತಿದ್ದುದು ಗೋಡೆಯಾಚೆಗೆ ಕೇಳಿಸಿತು: "ಇದಕ್ಕ ಸ್ಪೀಕರ್ ಬ್ಯಾಡ, ಏನೂ ಬ್ಯಾಡ. ಬರೇ ಕಟ್ಟಿಗಿ, ತಂತಿ. ಬಾರಿಸಿದಂಗೆಲ್ಲಾ ಕಟ್ಟಿಗಿ ದನಿ ಬಿಚ್ಚತೈತಿ. ಹಳೇದಾದಷ್ಟೂ ಛಲೋ ಅಕ್ಕೈತಿ." ಹಳೆಯದಾದಷ್ಟೂ ಚೆನ್ನಾಗುವ ವಸ್ತುವನ್ನು ರೇವವ್ವ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಇದೂ ಸುಳ್ಳೇ ಇರಬೇಕು ಅಂದುಕೊಂಡಳು.

ಆಮೇಲೆ ಆಕೆಯ ಕಣ್ಣಿಗೆ ಬಿದ್ದದ್ದು ಸೊಸೆಯ ಬೆರಳುಗಳು. ರೊಟ್ಟಿ ಬಡಿಯುವಾಗ ನೋಡಿದಳು: ಎಡಗೈಯ ಬೆರಳ ತುದಿಗಳಷ್ಟೇ ಗಟ್ಟಿಯಾಗಿ, ಒರಟಾಗಿದ್ದವು. ಹೊಲದ ಕೆಲಸ ಮಾಡಿದರೆ ಅಂಗೈ ದಡ್ಡುಗಟ್ಟುತ್ತದೆ, ಅದೂ ಎರಡೂ ಕೈಯದು. ಬರೀ ಎಡಗೈಯ ತುದಿ ಗಟ್ಟಿಯಾಗುವಂಥ ಕೆಲಸ ಯಾವುದು? ಕೇಳಿದರೆ "ತಂತಿ ಒತ್ತಿ ಒತ್ತಿ ಹಂಗಾಗೇತ್ರಿ" ಅಂದಳು. ಬೆರಳು ಕೊಯ್ಯುವ ತಂತಿಯನ್ನು ಯಾರಾದರೂ ಸುಮ್ಮನೆ ಒತ್ತುತ್ತಾರೆಯೇ?

ಮಧ್ಯಾಹ್ನ ಗಂಡಸರು ಹೊಲದಲ್ಲಿರುವಾಗ ರೋಹಿಣಿ ಬಾಗಿಲು ಮುಂದೆ ಮಾಡಿಕೊಂಡು ಬಾರಿಸಲು ಕೂಡುತ್ತಿದ್ದಳು. ಅದೇ ಹೊತ್ತಿಗೆ ರೇವವ್ವ ಮೊರದಲ್ಲಿ ಹೆಸರುಕಾಳು ಹಾಕಿಕೊಂಡು ಆ ಬಾಗಿಲ ಹೊರಗೆ ಕೂತಳು. ಕಾಳು ಹಸನು ಮಾಡುವುದು ನೆಪ. ಒಳಗೆ ಫೋನಿನಲ್ಲಿ ಯಾರಾದರೂ ಕೇಳುತ್ತಿದ್ದಾರೆಯೇ, ನಡುವೆ ಮಾತು ಬರುತ್ತದೆಯೇ ಎಂದು ಪತ್ತೆ ಹಚ್ಚಬೇಕಿತ್ತು. ಮಾತು ಬರಲಿಲ್ಲ. ಬಂದದ್ದು ಒಂದೇ ಮಟ್ಟು. ದಪ್ಪ ತಂತಿ ಕೆಳಗೆ ಗುಂಯ್ ಎನ್ನುತ್ತಿದ್ದರೆ ಸಣ್ಣ ತಂತಿಗಳು ಅದರ ಮೇಲೆ ಹನಿಹನಿಯಾಗಿ ಬೀಳುತ್ತಿದ್ದವು. ಮಟ್ಟು ಏರಿ, ತಿರುಗಿ, ಒಂದು ಕಡೆ ಬಂದು ಎಡವುತ್ತಿತ್ತು. ಅಲ್ಲಿ ರೋಹಿಣಿ "ಛೇ" ಅನ್ನುತ್ತಿದ್ದಳು. ಮತ್ತೆ ಮೊದಲಿಂದ. ಮತ್ತೆ ಅಲ್ಲಿಗೇ ಬಂದು "ಛೇ".

ಕೆಲವು ದಿನಗಳಲ್ಲಿ ರೇವವ್ವ ಹಸನಾದ ಕಾಳನ್ನೇ ಮತ್ತೆ ಹಸನು ಮಾಡತೊಡಗಿದಳು. ತಂತಿಯ ದನಿ ನಿಂತ ಮೇಲೂ ಅದರ ಬಾಲ ಗಾಳಿಯಲ್ಲಿ ಉಳಿಯುತ್ತಿತ್ತು. ಅದು ಪೂರಾ ಕರಗುವ ತನಕ ಆಕೆಯ ಕೈ ಮೊರದಲ್ಲಿ ಆಡುತ್ತಿರಲಿಲ್ಲ. ಹೊಸ ಸೊಸೆಯಾಗಿದ್ದಾಗ ರೇವವ್ವ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದಳು. ಅತ್ತೆ ಒಂದು ಮುಂಜಾನೆ ಬಾಗಿಲಲ್ಲಿ ನಿಂತು "ಯಾರನ್ನ ನೆನಸಿ ಹಾಡಾಕತ್ತಿ?" ಎಂದು ಕೇಳಿದಳು. ಅಷ್ಟೇ. ಆಮೇಲೆ ರೇವವ್ವ ಮದುವೆಮನೆಯಲ್ಲೂ ಬಾಯಿ ಬಿಡಲಿಲ್ಲ. ಇಷ್ಟು ವರ್ಷ ನೆನಪಾಗದ ಆ ಮುಂಜಾನೆ ಈಗ ಯಾಕೆ ನೆನಪಾಗಬೇಕು? ಸೊಸೆ ಏನೋ ಮಾಟ ಮಾಡಿಸಿದ್ದಾಳೆ, ಗಿಟಾರಿನ ಹೊಟ್ಟೆಯಲ್ಲಿ ಏನೋ ಇದೆ ಎಂದು ಆಕೆಗೆ ಖಾತ್ರಿಯಾಯಿತು.

ಮಗ ಸೊಸೆ ನವಲಗುಂದಕ್ಕೆ ಹೋದ ದಿನ ರೇವವ್ವ ಚೀಲ ಬಿಚ್ಚಿದಳು. ಮುಟ್ಟಲು ಒಂದಿಷ್ಟು ಹೆದರಿಕೆ. ಕಡೆಗೆ ತನಗೆ ಗೊತ್ತಿದ್ದುದನ್ನೇ ಮಾಡಿದಳು. ಬೆರಳಿನ ಗಿಣ್ಣಿನಿಂದ ಅದರ ಹೊಟ್ಟೆಯ ಮೇಲೆ ಗಡಿಗೆ ಬಡಿದಂತೆ ಬಡಿದಳು. ಕಟ್ಟಿಗೆ ಡಬ್ ಅಂದಿತು. ತಂತಿಯನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಆರೂ ತಂತಿಗಳು ಸಣ್ಣಗೆ ಓಗೊಟ್ಟವು. ರೇವವ್ವ ಕೈ ಹಿಂದೆಳೆದುಕೊಂಡಳು. ಇಷ್ಟು ವರ್ಷದಲ್ಲಿ ಎಷ್ಟೋ ಗಡಿಗೆ ಬಡಿದಿದ್ದಾಳೆ, ಯಾವುದೂ ತಿರುಗಿ ಮಾತಾಡಿರಲಿಲ್ಲ. ಮತ್ತೆ ಬಡಿದಳು. ಮತ್ತೆ ಓಗೊಟ್ಟಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮೂರನೆಯ ಸಲ ಬಡಿದಳು. ನಿಜ ಹೇಳಬೇಕೆಂದರೆ, ಆ ಮೂರನೆಯದು ಪರೀಕ್ಷೆಗಲ್ಲ, ಆಸೆಗೆ.

ಅಷ್ಟರಲ್ಲಿ ಒಳಗೆ ಏನೋ ಕಟಕಟ ಅಂದಿತು. ಗಿಟಾರು ಬೋರಲು ಹಾಕಿ ಅಲುಗಾಡಿಸಿದಾಗ ಬಾಯಿಂದ ಒಂದು ಸಣ್ಣ ಚೂರು ಉದುರಿತು. ಮೂರು ಮೂಲೆಯ, ನೀಲಿ ಬಣ್ಣದ, ತೆಳ್ಳನೆಯದು. ಸಿಕ್ಕಿತು ಕಳ್ಳತನ! ರೇವವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ತೋರಿಸಲು ಯಾರನ್ನೂ ನಂಬುವಂತಿರಲಿಲ್ಲ. ಬಳೆ ಮಾರಲು ಯಮನೂರಿನಿಂದ ಬರುವ ದಾವೂದಸಾಬನೊಬ್ಬನೇ ಹೊರಗಿನವನು, ಕೇಳಿದ್ದನ್ನು ಹೊರಗೇ ಒಯ್ಯುವವನು. ಆತ ಬಂದಾಗ ಗಂಟು ಬಿಚ್ಚಿ ಪಿಸುಗುಟ್ಟಿದಳು: "ದಾವೂದಣ್ಣಾ, ಮಾಟದ್ದೋ ಏನೋ ನೋಡಪಾ."

ದಾವೂದಸಾಬ ಅದನ್ನು ತಿರುವಿ ನೋಡಿ ಬಳೆಗಳೆಲ್ಲ ಅಲುಗಾಡುವಂತೆ ನಕ್ಕ. "ಯಕ್ಕಾ, ಇದು ತಂತಿ ಮೀಟೂ ಉಗುರು. ನಮ್ಮ ಹುಡುಗ ಅಸ್ಲಂ ಮದವಿ ಬ್ಯಾಂಡಿನ್ಯಾಗ ಇದರಲೇ ಬಾರಿಸ್ತಾನ. ಪಾಪ, ಯಾರರೆ ಹುಡುಕ್ಯಾಡಾಕತ್ತಿರಬೇಕು, ಕೊಟ್ಟಬಿಡು."

ಹುಡುಕುತ್ತಿದ್ದುದು ನಿಜ. ರೋಹಿಣಿ ಎರಡು ದಿನದಿಂದ ಕಪಾಟಿನ ಕೆಳಗೆಲ್ಲ ಬಗ್ಗಿ ನೋಡುತ್ತಿದ್ದಳು. ರೇವವ್ವ ಅದನ್ನು ಕೈಯಲ್ಲಿ ಕೊಟ್ಟಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ತಾನು ಚೀಲ ಬಿಚ್ಚಿದ್ದನ್ನು ಒಪ್ಪಿಕೊಳ್ಳುವುದು ಹೇಗೆ? ಗುಟ್ಟಾಗಿ ಚೀಲದ ಜೇಬಿನಲ್ಲಿ ಇಟ್ಟುಬಿಟ್ಟಳು. ಹತ್ತು ಸಲ ಹುಡುಕಿದ ಜೇಬಿನಲ್ಲೇ ಅದು ಸಿಕ್ಕಾಗ ರೋಹಿಣಿ ಒಂದು ಕ್ಷಣ ಅತ್ತೆಯ ಮುಖವನ್ನೇ ನೋಡಿದಳು. ಅವತ್ತಿನಿಂದ ಬಾರಿಸಿ ಮುಗಿದ ಕೂಡಲೇ ಗಿಟಾರು ಕಪಾಟಿನ ತಲೆಯ ಮೇಲೆ ಹೋಗುತ್ತಿತ್ತು.

ಮಹಾನವಮಿಗೆ ಕೆಲವು ದಿನ ಮೊದಲು ಅಣ್ಣಿಗೇರಿಯಲ್ಲಿ ರೋಹಿಣಿಯ ತಾಯಿ ಕಾಲು ಜಾರಿ ಬಿದ್ದರೆಂದು ಸುದ್ದಿ ಬಂತು. ರೋಹಿಣಿ ಹಬ್ಬದ ದಿನ ಬರುತ್ತೇನೆಂದು ಹೇಳಿ ಹೋದಳು. ಮನೆ ಬಣಗುಟ್ಟಿತು. ರೇವವ್ವ ಮಧ್ಯಾಹ್ನ ಕಾಳು ಹಾಕಿಕೊಂಡು ಕೂತರೆ ಕೆಲಸ ಬೇಗ ಮುಗಿದುಬಿಡುತ್ತಿತ್ತು. ಆಕೆಗೆ ಆ ದನಿ ಬೇಕಾಗಿತ್ತು, ಆ "ಛೇ" ಕೂಡ ಬೇಕಾಗಿತ್ತು. ಇದನ್ನು ತನಗೆ ತಾನೇ ಹೇಳಿಕೊಂಡಾಗ ನಾಚಿಕೆಯಾಯಿತು.

ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಆ ಮನೆಯಲ್ಲಿ ಬಿತ್ತುವ ಕೂರಿಗೆ, ಕುಂಟೆ, ಕುಡಗೋಲು, ಕೊಡಲಿ, ಈಳಿಗೆ, ಪ್ರಭುವಿನ ಗಾಡಿ ಎಲ್ಲವನ್ನೂ ತೊಳೆದು ಸಾಲಾಗಿ ಪೂಜೆಗೆ ಇಡುತ್ತಾರೆ. ಅತ್ತೆಯ ಕಾಲದಿಂದ ಬಂದ ಮಾತೊಂದಿದೆ: ಅವತ್ತು ಪೂಜೆಗೆ ಕೂತದ್ದು ಮನೆಯ ವಸ್ತು, ಕೂರದ್ದು ಬಂದುಹೋಗುವ ವಸ್ತು. ರೇವವ್ವ ಸ್ಟೂಲು ಹತ್ತಿ ಗಿಟಾರನ್ನು ಕೆಳಗಿಳಿಸಿದಳು. ಬಾವಿಕಟ್ಟೆಗೆ ಒಯ್ದು ಕೊಡ ಎತ್ತಿದಳು.

"ಏ ಇಕಿ, ಅದಕ್ಕ ನೀರ ಹಾಕಬಹುದೇನು?" ಮಡಿವಾಳೆಪ್ಪ ಮೆಲ್ಲಗೆ ಕೇಳಿದ.

"ಕಟ್ಟಿಗೀದೈತಿ. ಕೂರಿಗಿ ತೊಳೀತೀವಿಲ್ಲೇನು? ಹೊಲಸ ವಸ್ತು ದೇವರ ಮುಂದ ಇಡತಾರೇನು?"

ಕೂರಿಗೆಗೆ ಒಂದು ಕೊಡ ಸಾಕಾಗಿತ್ತು. ಗಿಟಾರಿಗೆ ಆಕೆ ಎರಡು ಕೊಡ ಸುರಿದಳು. ಮೈಯನ್ನು ಮೆತ್ತನೆಯ ಅರಿವೆಯಿಂದ ತಿಕ್ಕಿದಳು, ಹೊಟ್ಟೆಯೊಳಗೂ ನೀರು ಆಡಿಸಿ ಗಡಿಗೆಯಂತೆ ಬೋರಲು ಹಾಕಿ ಸುರಿದಳು. ಬಿಸಿಲಲ್ಲಿ ಒಣಗಿಸಿ, ಕೂರಿಗೆಯ ಬಾಜೂ ನಿಲ್ಲಿಸಿ, ವಿಭೂತಿ ಹಚ್ಚಿ ಅದರ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದಳು. ಆರತಿ ಬೆಳಗುವಾಗ ಎಲ್ಲೋ ಠಪ್ ಎಂದು ಸದ್ದಾಯಿತು. ಕಾಯಿ ಹೋಳಾಗಿ ಉರುಳಿರಬೇಕೆಂದು ತಿಳಿದಳು.

ಪ್ರಭು ಹೆಂಡತಿಯನ್ನು ಬಸ್ಸಿನಿಂದ ಕರೆತರುವ ಹೊತ್ತಿಗೆ ರೇವವ್ವ ಬಾಗಿಲಲ್ಲೇ ನಿಂತಿದ್ದಳು. ಹಾಗೆ ಆಕೆ ಯಾರಿಗೂ ಕಾದವಳಲ್ಲ. "ಬಾ, ಒಳಗ ಬಂದ ನೋಡ" ಎಂದು ಸೊಸೆಯ ಕೈಹಿಡಿದು ಕರೆದೊಯ್ದಳು.

ರೋಹಿಣಿ ನೋಡಿದಳು. ತಂತಿಗಳನ್ನು ಬಿಗಿಹಿಡಿದಿದ್ದ ಕರಿ ಪಟ್ಟಿ ಅಂಟು ಬಿಟ್ಟು ಎದ್ದುಬಂದಿತ್ತು. ಆರೂ ತಂತಿ ಸಡಿಲಾಗಿ ಹೂಮಾಲೆಯೊಳಗೆ ತೊಡರಿಕೊಂಡಿದ್ದವು. ಬೆಲ್ಲದ ಬಣ್ಣದ ಹೊಟ್ಟೆ ಉಬ್ಬಿತ್ತು. ಆಕೆ ಎತ್ತಿಕೊಂಡಾಗ ಒಳಗಿನಿಂದ ನೀರು ಹನಿಯಿತು.

"ಯವ್ವಾ, ಏನ ಮಾಡಿದಿ ಬೇ!" ಅಂದ ಪ್ರಭು.

"ತೊಳದೆ. ತೊಳೀದ ಪೂಜಿಗೆ ಹ್ಯಾಂಗ ಇಡೂದು?"

ರೋಹಿಣಿ ಕೂಗಾಡಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದಳು: "ಅತ್ತಿ, ಇದು ಮನ್ಯಾಗ ಇರೂದು ನಿಮಗ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ರಿ. ನಾನ ತವರಮನ್ಯಾಗ ಇಟ್ಟ ಬರ್ತಿದ್ದೆ. ಪೂಜಿ ಹೆಸರಿಲೆ ಹಿಂಗ ಮಾಡಬಾರದಿತ್ರಿ." ಗಂಡನ ಕಡೆ ತಿರುಗಿ, "ನಾಳೆ ನನ್ನ ಅಣ್ಣಿಗೇರಿಗೆ ಬಿಟ್ಟುಬರ್ರಿ" ಅಂದಳು.

ರೇವವ್ವ ಪ್ರಭುವನ್ನು ನೋಡಿದಳು. ಅವನು ಕಣ್ಣು ತಪ್ಪಿಸಿದ. ಗಂಡನನ್ನು ನೋಡಿದಳು. ಅವನಿಗೂ ಅನುಮಾನವೇ. "ಇಲ್ಲವಾ, ನಾ ಹಂಗ..." ಎಂದು ಶುರುಮಾಡಿದಳು. ಮಾತು ತನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಎದುರಿಗೆ ನಿಂತು ಹೀಗೇ ತೊದಲಿದ ಕುಂಬಾರರು, ಹಾಲಿನವರು, ಈ ಸೊಸೆ, ಯಾರನ್ನು ತಾನು ನಂಬಿದ್ದಳು? ಖರೆ ಹೇಳುವವರಿಗೆ ಹೀಗಾಗುತ್ತದೆ ಎಂದು ಆಕೆಗೆ ತಿಳಿದಿರಲಿಲ್ಲ.

ರೋಹಿಣಿ ಗಿಟಾರು ಅಪ್ಪಿಕೊಂಡು ಕೋಣೆಯ ಕಡೆ ಹೊರಟಳು. ಆಗ ಹಿಂದಿನಿಂದ ಒಂದು ದನಿ ಎದ್ದಿತು. ಒಡಕು ದನಿ, ಎಷ್ಟೋ ವರ್ಷ ಬಳಸದೆ ಇಟ್ಟದ್ದು. ಶಬ್ದವಿಲ್ಲ, ಬರೀ "ಹೂಂ ಹೂಂ" ಎಂಬ ಮಟ್ಟು. ಅದು ಏರಿತು, ತಿರುಗಿತು, ಒಂದು ಕಡೆ ಬಂದು ಎಡವಿತು. ರೇವವ್ವ ಅಲ್ಲಿ ನಿಂತು "ಛೇ" ಅಂದಳು. ಮತ್ತೆ ಮೊದಲಿಂದ ಹಿಡಿದಳು. ಮತ್ತೆ ಅಲ್ಲಿಗೇ ಬಂದು "ಛೇ" ಅಂದಳು.

ರೋಹಿಣಿ ತಿರುಗಿ ನಿಂತಳು. ಅತ್ತೆಯ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಸೆರಗಿಗೆ ಬಾವಿಯ ಕೆಸರಿತ್ತು, ಬೆರಳುಗಳಲ್ಲಿ ಇನ್ನೂ ವಿಭೂತಿಯಿತ್ತು. ಸೊಸೆ ಮೆಲ್ಲಗೆ ಬಂದು ಕೂರಿಗೆಯ ಪಕ್ಕ, ನೆಲದ ಮೇಲೆ ಆಕೆಯ ಎದುರಿಗೆ ಕೂತಳು. ಗಿಟಾರನ್ನು ಇಬ್ಬರ ನಡುವೆ ಇಟ್ಟಳು.

"ಮುಂದಿಂದು ಹ್ಯಾಂಗೈತಿ?" ರೇವವ್ವ ಮೂಗೊರೆಸಿಕೊಂಡು ಕೇಳಿದಳು. "ದಿನಾ ಅಲ್ಲಿಗೇ ಬಿಡ್ತಿದ್ದಿ."

"ಅಲ್ಲಿಂದ ಮುಂದ ನನಗೂ ಬರೂದಿಲ್ರಿ ಅತ್ತಿ."

ರೇವವ್ವ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಖರೇನ ಬರೂದಿಲ್ಲೋ, ನನಗ ಹೇಳಿಕೊಡೂದು ಬ್ಯಾಡಂತೋ?"